ನಿನ್ನೆಯ ಹೆಪ್ಪು

ಈ ಕಥೆ ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಲೋಹದ ಪರಮಾಣುಗಳ ಸಂಗತಿಯನ್ನು ಅದನ್ನೇ ಬದುಕಾಗಿಸಿಕೊಂಡವರು ಹೇಳಬೇಕು. ಹಗಲು ದುಡಿದು, ಸಂಜೆ ತರಗತಿಯ ಹಿಂದಿನ ಬೆಂಚಿನಲ್ಲಿ ಅಷ್ಟಿಷ್ಟು ಕೇಳಿಸಿಕೊಂಡವರು ಹೇಳಹೊರಟರೆ ಎಲ್ಲೋ ಒಂದು ಕಡೆ ತಪ್ಪು ನುಸುಳಿಯೇ ನುಸುಳುತ್ತದೆ. ಆದರೆ ಹೇಳದೆ ಸುಮ್ಮನಿರುವುದಕ್ಕೂ ಭಯವಾಗುತ್ತದೆ. ಬಲ್ಲವರು ತಪ್ಪು ಕಂಡಲ್ಲಿ ತಿದ್ದಿಕೊಳ್ಳಲಿ; ಕಥೆಯನ್ನು ಮಾತ್ರ ಕೊನೆಯವರೆಗೆ ಕೇಳಲಿ.

ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ದ್ರಾಕ್ಷಾಯಣವ್ವನ ಖಾನಾವಳಿ ಇತ್ತು. ಆ ಭಾನುವಾರ ಮಧ್ಯಾಹ್ನ ಅವಳು ಎಂದಿನಂತೆ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಎದುರಿನ ಮಣೆಯ ಮೇಲೆ ಅವಳ ತಂಗಿ ಮಹಾನಂದಾ ಕುಳಿತು, ತಟ್ಟೆಯಲ್ಲಿದ್ದ ಊಟ ಬಿಟ್ಟು ಅಕ್ಕನ ಕೈಯನ್ನೇ ನೋಡುತ್ತಿದ್ದಳು. ಹಿಟ್ಟಿನ ಉಂಡೆ ಅಂಗೈಯ ಕೆಳಗೆ ತಿರುಗುತ್ತ ತಿರುಗುತ್ತ ಅಗಲವಾಗುತ್ತಿತ್ತು. ಅಂಚು ಎಲ್ಲಿಯೂ ಹರಿಯುತ್ತಿರಲಿಲ್ಲ. ಬಡಿಯುವ ಸದ್ದಿಗೆ ತಾಳ ತಪ್ಪುತ್ತಿರಲಿಲ್ಲ.

“ಏನವಾ ದ್ರಾಕ್ಷಾಯಣವ್ವ, ರೊಟ್ಟಿ ಬರಬರತ ಹಪ್ಪಳ ಆಗಾಕತ್ತಾವಲ್ಲ!” ಎಂದ ಲಾರಿ ಆಫೀಸಿನ ಕೊಟ್ರಪ್ಪ. ಖಾನಾವಳಿಯ ಹಳೆಯ ಗಿರಾಕಿ.

“ನಿನ್ನ ಹಲ್ಲಿಗೆ ತಕ್ಕಂಗ ಮಾಡೇನಿ, ತಿನ್ನು. ದಪ್ಪ ಮಾಡಿದ್ರ ಇದ್ದ ನಾಕೂ ಉದರತಾವು.”

“ಕೈ ಏನ್ ಚುರುಕ ಅದಾವ ಬಿಡು ನಿನ್ನವು.”

“ಇವು ನನ್ನ ಕೈ ಎಲ್ಲಿಯವೋ ಮಾರಾಯಾ? ನನ್ನ ತಂಗೀವು. ಎದಿಯಾಗ ಕುಂತು ಆಕಿನ ಬಡಿಯಾಕತ್ತಾಳ.”

ಎಲ್ಲರೂ ನಕ್ಕರು. ಮಹಾನಂದಾ ಮಾತ್ರ ನಗಲಿಲ್ಲ. ಅಕ್ಕ ತಮಾಷೆಗೆ ಹೇಳಿದ್ದರೂ ಅದರಲ್ಲಿ ಸುಳ್ಳಿರಲಿಲ್ಲ.

ಕೆಲವು ವರ್ಷಗಳ ಹಿಂದೆ ದ್ರಾಕ್ಷಾಯಣವ್ವನಿಗೆ ಕಂಪವಾತ ಬಂದಿತ್ತು. ನೀರಿನ ಲೋಟ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ರೊಟ್ಟಿಯ ಮಾತಂತೂ ದೂರ. ಆಗ ವೈದ್ಯರು ಅವಳ ತಲೆಯೊಳಕ್ಕೆ ಕೂದಲಿನಂಥ ತಂತಿ ಇಳಿಸಿ, ಕೊರಳೆಲುಬಿನ ಕೆಳಗೆ, ಎದೆಯ ಚರ್ಮದಡಿ ಒಂದು ಚಿಕ್ಕ ಡಬ್ಬಿ ಕೂಡಿಸಿದ್ದರು. ಡಬ್ಬಿಯಿಂದ ಹೊರಟ ನವಿರಾದ ವಿದ್ಯುತ್ತು ಮಿದುಳಿಗೆ ಹೋಗಿ ನಡುಕವನ್ನು ಹಿಡಿದು ನಿಲ್ಲಿಸುತ್ತಿತ್ತು. ಎಷ್ಟು ವಿದ್ಯುತ್ತು, ಯಾವ ಲಯದಲ್ಲಿ, ಎಲ್ಲಿಗೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ಅದನ್ನು ನೆನಪಿಟ್ಟುಕೊಳ್ಳುತ್ತಿದ್ದದ್ದು ಡಬ್ಬಿಯೊಳಗಿನ ಲೋಹದ ಒಂದು ತೆಳುವಾದ ಚೂರು. ಆ ಲೋಹವನ್ನು ಲೆಕ್ಕ ಹಾಕಿ ಹುಡುಕಿದವಳು ಮಹಾನಂದಾ.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಲೇಬೇಕು. ಲೋಹದ ಒಂದೊಂದು ಪರಮಾಣುವಿನಲ್ಲೂ ಅತಿ ಸಣ್ಣ ದಿಕ್ಸೂಚಿಯೊಂದಿದೆ ಎಂದುಕೊಳ್ಳಿ. ಎಲೆಕ್ಟ್ರಾನಿನ ಸ್ಪಿನ್ ಎಂಬ ಗುಣದಿಂದ ಅದು ಹುಟ್ಟುತ್ತದೆ. ಎಲ್ಲ ದಿಕ್ಸೂಚಿಗಳೂ ಒಂದೇ ಕಡೆ ಮುಖ ಮಾಡಿದರೆ ಅದು ಅಯಸ್ಕಾಂತ. ಕೋಬಾಲ್ಟ್, ಮ್ಯಾಂಗನೀಸ್ ಮೊದಲಾದವನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿದ ಕೆಲವು ಮಿಶ್ರಲೋಹಗಳಲ್ಲಿ ಇನ್ನೊಂದು ವಿಚಿತ್ರವಿದೆ. ಮೇಲ್ಮುಖದ ಸ್ಪಿನ್ ಇರುವ ಎಲೆಕ್ಟ್ರಾನುಗಳಿಗೆ ಅಲ್ಲಿ ರಾಜಮಾರ್ಗ. ಕೆಳಮುಖದವುಗಳಿಗೆ ಬಾಗಿಲೇ ಬಂದ್. ಇಂಥ ಲೋಹದಲ್ಲಿ ಬರೆದ ನೆನಪಿಗೆ ವಿದ್ಯುತ್ತಿನ ಕಾವಲು ಬೇಡ. ಬ್ಯಾಟರಿ ಸತ್ತರೂ ನೆನಪು ಸಾಯುವುದಿಲ್ಲ. ಧಾರವಾಡದ ಪ್ರಯೋಗಾಲಯದಲ್ಲಿ ಮಹಾನಂದಾ ಸಾವಿರಾರು ಮಿಶ್ರಲೋಹಗಳನ್ನು ಕುಲುಮೆಗೆ ಹಾಕದೆ, ಗಣಕದಲ್ಲೇ ಬೆರೆಸಿ, ಗಣಕದಲ್ಲೇ ಜಾಲಾಡಿ ಈ ಒಂದನ್ನು ಆರಿಸಿದ್ದಳು. ಅವಳ ಮಾರ್ಗದರ್ಶಕ ಪ್ರೊಫೆಸರ್ ಹುದ್ದಾರ ಅದಕ್ಕೆ ‘ನಂದಿ’ ಎಂದು ಹೆಸರಿಟ್ಟರು. ಮನೆಯಲ್ಲಿ ಅವಳನ್ನು ನಂದಾ ಎಂದು ಕರೆಯುತ್ತಾರೆ ಎಂಬುದು ಒಂದು ಕಾರಣ. “ನಂದಿ ಯಾವಾಗ್ಲೂ ಗುಡಿ ಕಡೇನ ಮುಖ ಮಾಡಿ ಕೂತಿರ್ತಾನ. ಇದೂ ಹಂಗ, ತಿರುಗೂದ ಇಲ್ಲ” ಎಂಬುದು ಇನ್ನೊಂದು.

ಊಟದ ನಡುವೆಯೇ ಫೋನು ಬಂತು. ಪ್ರಯೋಗಾಲಯದಲ್ಲಿ ಲೋಹಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವ ಇಮ್ತಿಯಾಜ್ ಸವಣೂರ ಮಾತಾಡುತ್ತಿದ್ದ.

“ಮೇಡಂ, ಆಸ್ಪತ್ರೆಯಿಂದ ಕೆಲವು ಡಬ್ಬಿ ವಾಪಸ್ ಬಂದಾವ್ರೀ. ಒಳಗ ನೆನಪು ಖಾಲಿ. ಸುಟ್ಟಿಲ್ಲ, ಒಡದಿಲ್ಲ. ಬರೇ ಖಾಲಿ.”

“ಪೇಷಂಟ್ ಹೆಂಗ ಅದಾರ?”

ಅವನು ಗದಗದ ಕಡೆಯ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನಿನ ವಿಷಯ ಹೇಳಿದ. ನೆನಪು ಅಳಿಸಿಹೋದ ಡಬ್ಬಿ ಸುಮ್ಮನೆ ನಿಂತಿದ್ದರೆ ನಡುಕವಷ್ಟೇ ಮರಳುತ್ತಿತ್ತು. ಅದು ನಿಲ್ಲಲಿಲ್ಲ, ಮನಸ್ಸಿಗೆ ಬಂದಂತೆ ವಿದ್ಯುತ್ತು ಬಿಟ್ಟಿತು. ಆ ಮನುಷ್ಯ ಬಚ್ಚಲ ಬಾಗಿಲಲ್ಲಿ ನಿಂತಲ್ಲೇ ಕಂಬವಾದ. ಕೈ ಬಾಗಿಲ ಚೌಕಟ್ಟಿನ ಮೇಲಿತ್ತು, ಬಿಡಿಸಲಾಗಲಿಲ್ಲ. ಕಣ್ಣು ಮಾತ್ರ ಅತ್ತಿತ್ತ ಹೊರಳುತ್ತಿದ್ದವಂತೆ. ಆಸ್ಪತ್ರೆಯಲ್ಲಿ ಡಬ್ಬಿ ಹೊರತೆಗೆಯುವಷ್ಟರಲ್ಲಿ ಉಸಿರು ನಿಂತಿತ್ತು.

ಮಹಾನಂದಾ ಫೋನು ಇಟ್ಟು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಅಕ್ಕ, ಡಬ್ಬಿ ಮಾಡಿದ ಕಂಪನಿಯವರು ಬುಧವಾರ ತಪಾಸಣೆ ಶಿಬಿರ ಇಟ್ಟಾರಲ್ಲ, ನೀ ಹೋಗಬೇಕು ನೋಡು. ತಪ್ಪಿಸಬ್ಯಾಡ.”

“ಬುಧವಾರ ಸಂತಿ ಗಿರಾಕಿ ಭಾಳ ಇರ್ತಾವಲ್ಲ…”

“ಇರ್ಲಿ. ನನ್ನ ಆಣಿ ಐತಿ.”

ದ್ರಾಕ್ಷಾಯಣವ್ವ ತಂಗಿಯ ಮುಖ ನೋಡಿದಳು. “ಆತು ಬಿಡು, ಹೋಗ್ತೇನಿ. ಉಣ್ಣು ಮೊದಲ. ಮೊಸರು ಹಾಕ್ಲಿ?”

*

ಆ ಮೊಸರಿನ ಕಥೆಯೂ ಇಲ್ಲೇ ಬರಬೇಕು. ತಾಯಿ ತೀರಿಕೊಂಡಾಗ ಮಹಾನಂದಾ ಇನ್ನೂ ಸಣ್ಣವಳು. ಅಕ್ಕನೇ ಈ ಖಾನಾವಳಿ ಹಾಕಿ ಅವಳನ್ನು ಬೆಳೆಸಿದಳು, ಓದಿಸಿದಳು. ಸಂಜೆ ಹಾಲು ಕಾಸಿ ಆರಿಸಿ ಹೆಪ್ಪು ಹಾಕುವುದು ಸಣ್ಣವಳ ಕೆಲಸ. ಅದಕ್ಕೆ ಅಕ್ಕನ ಕಟ್ಟಳೆಗಳಿದ್ದವು. ನಿನ್ನೆಯ ಮೊಸರೇ ಇವತ್ತಿನ ಹೆಪ್ಪು. ಹೊರಗಿನ ಹೆಪ್ಪು ಒಳಗೆ ಬರಬಾರದು. ದೀಪ ಹಚ್ಚಿದ ಮೇಲೆ ನಮ್ಮ ಹೆಪ್ಪು ಹೊರಗೆ ಹೋಗಬಾರದು. ಓಣಿಯವರು ಮುಸ್ಸಂಜೆಯಲ್ಲಿ ಬಟ್ಟಲು ಹಿಡಿದು ಬಂದರೆ ಅಕ್ಕ ಚಹಾ ಕುಡಿಸಿ ಕಳಿಸುತ್ತಿದ್ದಳೇ ಹೊರತು ಹೆಪ್ಪು ಕೊಡುತ್ತಿರಲಿಲ್ಲ. ಹೀಗಾಗಿ ಖಾನಾವಳಿಯ ಮೊಸರಿಗೆ ಅಂದಿನಿಂದ ಇಂದಿನವರೆಗೂ ಒಂದೇ ರುಚಿ.

ಪ್ರಯೋಗಾಲಯಕ್ಕೆ ಹೋದ ಮೇಲೂ ಮಹಾನಂದಾಳ ಕೈ ಆ ಅಭ್ಯಾಸವನ್ನು ಬಿಡಲಿಲ್ಲ. ಹೊಸ ಮಿಶ್ರಲೋಹದ ಲೆಕ್ಕಕ್ಕೆ ಕೂರುವಾಗ ಗಣಕಕ್ಕೆ ಮೊದಲು ಒಂದು ಅಂದಾಜು ಕೊಡಬೇಕು: ಒಳಗಿನ ದಿಕ್ಸೂಚಿಗಳು ಬಹುಶಃ ಹೀಗೆ ನಿಂತಿವೆ ಎಂದು. ಆ ಅಂದಾಜನ್ನು ಗಣಕ ತಿದ್ದುತ್ತ ತಿದ್ದುತ್ತ ಇನ್ನು ಅಲ್ಲಾಡದ ಒಂದು ನೆಲೆಗೆ ಬಂದು ನಿಲ್ಲುತ್ತದೆ. ಲ್ಯಾಬಿನವರೆಲ್ಲ ಆ ಮೊದಲ ಅಂದಾಜಿಗೆ ‘ಹೆಪ್ಪು’ ಎನ್ನುತ್ತಿದ್ದರು. ಆ ಹೆಸರು ತಂದವಳು ಮಹಾನಂದಾಳೇ. ಪ್ರತಿ ಲೋಹಕ್ಕೂ ಹೊಸದಾಗಿ ಅಂದಾಜು ಮಾಡುವ ಬದಲು ಅವಳು ನಿನ್ನೆ ಮುಗಿದ ಲೆಕ್ಕದ ಕೊನೆಯನ್ನೇ ಇವತ್ತಿನ ಲೆಕ್ಕದ ಮೊದಲಾಗಿಸುತ್ತಿದ್ದಳು. ಲೆಕ್ಕ ಬೇಗ ಮುಗಿಯುತ್ತಿತ್ತು, ಉತ್ತರ ಚೆನ್ನಾಗಿ ಬರುತ್ತಿತ್ತು. ತಪ್ಪೇನೂ ಕಾಣುತ್ತಿರಲಿಲ್ಲ. ಎಲ್ಲರೂ ಹಾಗೇ ಮಾಡತೊಡಗಿದರು.

ಸೋಮವಾರ ಇಮ್ತಿಯಾಜ್ ವಾಪಸಾದ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದ. ಪರದೆಯ ಮೇಲೆ ದಿಕ್ಸೂಚಿಗಳು ಸಾಲು ಸಾಲಾಗಿ ಮೂಡಿದ್ದವು.

“ನೋಡ್ರಿ. ಅಳಿಸಿಹೋಗಿಲ್ಲ. ತಿರುಗ್ಯಾವ.”

ಮೊದಲ ಸಾಲು ಗುಡಿಯ ಕಡೆಗೆ ಮುಖ ಮಾಡಿತ್ತು. ಎರಡನೆಯದು ತುಸು ಓರೆ. ಮೂರನೆಯದು ಇನ್ನಷ್ಟು. ಹೀಗೆ ಬಾವಿಯ ಮೆಟ್ಟಿಲು ಸುತ್ತಿ ಇಳಿದಂತೆ ಸಾಲುಗಳು ಹೊರಳುತ್ತ ಹೊರಳುತ್ತ ಹಿಂದಕ್ಕೆ ತಿರುಗಿ, ಮತ್ತೆ ಮುಂದಕ್ಕೆ ಬಂದಿದ್ದವು. ಎಲ್ಲವನ್ನೂ ಕೂಡಿಸಿದರೆ ಸೊನ್ನೆ. ಒಂದು ತುಂಡಿನಲ್ಲಲ್ಲ, ಎಲ್ಲ ತುಂಡುಗಳಲ್ಲೂ ಅದೇ ಸುರುಳಿ, ಅದೇ ತಿರುವು.

ಹುದ್ದಾರ ಕನ್ನಡಕ ತೆಗೆದು ಒರೆಸಿಕೊಂಡರು. “ಯಾವುದೋ ಒಂದು ಬ್ಯಾಚ್ ಕೆಟ್ಟದ, ಅಷ್ಟ.”

“ಬ್ಯಾಚ್ ಬ್ಯಾರೆ ಬ್ಯಾರೆ ಅದಾವ್ರೀ ಸರ್,” ಎಂದ ಇಮ್ತಿಯಾಜ್. “ಊರೂ ಬ್ಯಾರೆ.”

ಮಹಾನಂದಾ ತನ್ನ ಮೇಜಿಗೆ ಹೋಗಿ ಕುಳಿತಳು. ಹಳೆಯ ಲೆಕ್ಕದಲ್ಲಿ ಅವಳು ಪರಮಾಣುಗಳ ಒಂದು ಪುಟ್ಟ ಪೆಟ್ಟಿಗೆಯನ್ನಷ್ಟೇ ತೆಗೆದುಕೊಂಡಿದ್ದಳು. ಅಷ್ಟು ಸಣ್ಣ ಪೆಟ್ಟಿಗೆಯಲ್ಲಿ ಇಷ್ಟು ನಿಧಾನದ ಸುರುಳಿ ಹಿಡಿಸುವುದೇ ಇಲ್ಲ. ಅದಕ್ಕಿಂತ ದೊಡ್ಡ ಸಂಗತಿ ಹೆಪ್ಪಿನದು. ನಂದಿಗೆ ಸಿಕ್ಕ ಹೆಪ್ಪು ಅದರ ಹಿಂದಿನ ಲೋಹದ್ದು, ಅದಕ್ಕೆ ಅದರ ಹಿಂದಿನದ್ದು. ಹೀಗೆ ಹಿಂದಕ್ಕೆ ಹೋದರೆ ಎಲ್ಲದಕ್ಕೂ ಮೂಲ ಅವಳು ಮೊಟ್ಟಮೊದಲು ಲೆಕ್ಕ ಹಾಕಿದ ಕಬ್ಬಿಣ. ಕಬ್ಬಿಣದಲ್ಲಿ ಎಲ್ಲ ಮುಖಗಳೂ ಒಂದೇ ಕಡೆ. ಆ ಒಂದು ರುಚಿಯೇ ಸಾವಿರ ಲೋಹಗಳಿಗೂ ಇಳಿದು ಬಂದಿತ್ತು. ಬೇರೆ ಹೆಪ್ಪು ಹಾಕಿದ್ದರೆ ನಂದಿ ಏನಾಗುತ್ತಿತ್ತು ಎಂದು ಯಾರೂ ನೋಡಿರಲಿಲ್ಲ.

ಈಗ ದೊಡ್ಡ ಪೆಟ್ಟಿಗೆ ತೆಗೆದುಕೊಂಡು ಸುರುಳಿಯ ಹೆಪ್ಪು ಹಾಕಿದಳು. ಗಣಕ ಲೆಕ್ಕಕ್ಕೆ ಕುಳಿತಿತು. ಮರುದಿನ ಊಟದ ಹೊತ್ತಿಗೆ ಉತ್ತರ ಬಂತು. ಲೋಹವಾಗಲಿ ನೀರಾಗಲಿ, ಶಕ್ತಿ ಕಡಿಮೆಯಿರುವ ತಗ್ಗಿಗೇ ಹರಿಯುತ್ತದೆ. ಸುರುಳಿಯ ನೆಲೆ ನಂದಿಯ ಹಳೆಯ ನೆಲೆಗಿಂತ ತಗ್ಗಿನಲ್ಲಿತ್ತು. ವ್ಯತ್ಯಾಸ ಕೂದಲೆಳೆಯಷ್ಟು, ಆದರೆ ಇತ್ತು. ಅವಳು ಇನ್ನೊಮ್ಮೆ, ಮತ್ತೊಮ್ಮೆ ಹಾಕಿ ನೋಡಿದಳು. ಅದೇ.

“ಅಂದ್ರ ಏನ್ ಆತು?” ಎಂದ ಇಮ್ತಿಯಾಜ್, ಅರ್ಥವಾಗಿದ್ದರೂ.

“ಅಂದ್ರ ಒಂದೇ ಕಡೆ ಮುಖ ಮಾಡೂದು ಇದರ ಸ್ವಭಾವ ಅಲ್ಲ. ನಾವು ಗಟ್ಟಿ ಮೊಸರು ಅಂತ ತಿಳಿದದ್ದು ಬರೇ ಹಾಲು. ಹೆಪ್ಪು ಬಿದ್ದಿರಲಿಲ್ಲ, ಅದಕ್ಕ ಹಾಲಾಗಿ ಉಳಿದಿತ್ತು.” ಅವಳು ಪರದೆಯ ಮೇಲಿನ ಸುರುಳಿಯತ್ತ ಬೆರಳು ತೋರಿದಳು. “ಈಗ ಎಲ್ಲೋ ಬಿದ್ದೈತಿ.”

*

ಹೆಪ್ಪು ಎಲ್ಲಿಂದ ಬಿತ್ತು ಎಂಬುದು ಅವರಿಗೆ ತಿಳಿಯಲಿಲ್ಲ. ಹೇಗೆ ಹರಡುತ್ತಿದೆ ಎಂಬುದು ಬುಧವಾರ ಬೆಳಿಗ್ಗೆ ತಿಳಿಯಿತು. ತಿಳಿಯದಿದ್ದರೇ ಚೆನ್ನಾಗಿತ್ತು ಎನ್ನಿಸುವಂತೆ.

ಡಬ್ಬಿಯ ತಪಾಸಣೆಗೆ ಒಂದು ಉಪಕರಣವಿತ್ತು. ಹಿಡಿಕೆ, ಅದರ ತುದಿಗೆ ದುಂಡನೆಯ ತಲೆ. ಎದೆಯ ಮೇಲೆ ಬಟ್ಟೆಯ ಮೇಲಿಂದಲೇ ಒತ್ತಿದರೆ ಒಳಗಿನ ನೆನಪನ್ನು ಓದುತ್ತಿತ್ತು, ಬೇಕಾದರೆ ತಿದ್ದುತ್ತಿತ್ತು, ಡಬ್ಬಿಯನ್ನು ಬಂದ್ ಮಾಡುವುದಕ್ಕೂ ಅದೇ ಬೇಕಿತ್ತು. ನೋಡಲು ಸಾರಿನ ಸೌಟಿನಂತಿದ್ದುದರಿಂದ ಜನ ಅದನ್ನು ಸೌಟು ಎಂದೇ ಕರೆಯುತ್ತಿದ್ದರು. ಆ ಸೌಟಿನ ತಲೆಯಲ್ಲೂ ನಂದಿಯದೇ ಒಂದು ತೆಳು ಲೇಪವಿತ್ತು.

ಮಂಗಳವಾರ ಸಂಜೆ ಇಮ್ತಿಯಾಜ್ ಒಂದು ಸೌಟು ತರಿಸಿದ್ದ. ಅದನ್ನು ಮೊದಲು ಕೆಟ್ಟ ಚೂರಿನ ಮೇಲಿಟ್ಟ, ನಡುವೆ ಬಟ್ಟೆ, ಚರ್ಮದ ಬದಲಿಗೆ ಮಡಿಸಿದ ಟವೆಲ್ಲು. ಆಮೇಲೆ ಅದೇ ಸೌಟನ್ನು ಹೊಸ ಚೂರುಗಳ ಮೇಲೆ ಒಂದೊಂದಾಗಿ ಇಟ್ಟ. ಏನೂ ಆಗಲಿಲ್ಲ. ಸೌಟು ಎಲ್ಲವನ್ನೂ ಚೆನ್ನಾಗಿವೆ ಎಂದು ಓದಿತು. ಅವನು ನಿರಾಳವಾಗಿ ಮನೆಗೆ ಹೋಗಿದ್ದ. ಬೆಳಿಗ್ಗೆ ಬಂದು ನೋಡಿದರೆ ಅವುಗಳಲ್ಲಿ ಕೆಲವು ತಿರುಗಿದ್ದವು. ಕೆಲವು ಇನ್ನೂ ತಿರುಗಿರಲಿಲ್ಲ.

ಮೂವರೂ ಮೇಜಿನ ಸುತ್ತ ನಿಂತರು.

“ತಪಾಸಣೆ ಮಾಡಿದ್ರ ಹೆಪ್ಪು ಹಾಕಿದಂಗ,” ಎಂದ ಇಮ್ತಿಯಾಜ್ ಮೆಲ್ಲಗೆ. “ಒಬ್ಬರದು ಕೆಟ್ಟಿದ್ರ ಸಾಕು. ಅದ ಸೌಟು ಸಾಲಿನ ಮಂದಿಗೆಲ್ಲ.”

ಹುದ್ದಾರ ಕುರ್ಚಿ ಎಳೆದುಕೊಂಡು ಕುಳಿತರು. “ಸೌಟು ಹೊಲಸ ಆಗ್ಯದೋ ಇಲ್ಲೋ, ತಲಿ ಬಿಚ್ಚದ ಹೆಂಗ ನೋಡೂದು? ಇನ್ನೊಂದು ಸೌಟು ಮುಟ್ಟಿಸೇ ನೋಡಬೇಕು. ಆಗ ಅದೂ…” ಅವರು ಮಹಾನಂದಾಳ ಕಡೆ ತಿರುಗಿದರು. “ಹೇಳಿದ್ವಿ ಅಂದ್ರ ಜನ ಗಾಬರಿ ಆಗ್ತಾರ ಮಹಾನಂದಾ. ಗಾಬರಿ ಆದವ್ರು ಏನ್ ಮಾಡ್ತಾರ? ತಪಾಸಣಿಗೆ ಓಡ್ತಾರ!”

ಮಹಾನಂದಾ ಆಗಲೇ ಫೋನು ಹಚ್ಚಿದ್ದಳು. ಅಕ್ಕನ ಫೋನು ಖಾನಾವಳಿಯಲ್ಲೇ ಇತ್ತು. ಎತ್ತಿದವಳು ಅಡುಗೆಗೆ ಸಹಾಯ ಮಾಡುವ ಫಕೀರವ್ವ.

“ಅಕ್ಕಾರು ಆಗಲೇ ಹೋಗ್ಯಾರ್ರೀ. ಒಲ್ಲೆ ಒಲ್ಲೆ ಅಂತಿದ್ರು. ನೀವು ಆಣಿ ಹಾಕೀರಂತಲ್ಲ, ಅದಕ್ಕ ಹ್ವಾದ್ರು.”

*

ಶಿಬಿರ ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ನಡೆಯುತ್ತಿತ್ತು. ಮಹಾನಂದಾ, ಇಮ್ತಿಯಾಜ್ ಧಾರವಾಡದಿಂದ ಅಲ್ಲಿಗೆ ಧಾವಿಸಿದರು. ಹಿಂದಿನ ದಿನದ ಮದುವೆಯ ಬಾಳೆಕಂಬ ಬಾಡಿ ಬಾಗಿಲಿಗೆ ಒರಗಿತ್ತು. ಪೋಸ್ಟ್‌ಮ್ಯಾನಿನ ಸುದ್ದಿ ಹೇಗೋ ಊರು ಮುಟ್ಟಿತ್ತು. ಸಾಲು ಅಂಗಳ ದಾಟಿ ರಸ್ತೆಗೆ ಬಂದಿತ್ತು. ಕೆಲವರನ್ನು ಆಟೋದಲ್ಲೇ ಕೂರಿಸಿಕೊಂಡು ಬಂದಿದ್ದರು. ಒಳಗೆ ಎರಡು ಮೇಜು, ಎರಡು ಸೌಟು. ಬಿಳಿ ಕೋಟಿನ ಹುಡುಗಿ ಒಬ್ಬ ಮುದುಕನ ಎದೆಗೆ ಸೌಟು ಒತ್ತುತ್ತಿದ್ದಳು.

“ಕೆಳಗಿಡ್ರಿ ಅದನ್ನ!” ಮಹಾನಂದಾ ಕೂಗಿದಳು. “ಯಾರಿಗೂ ಮುಟ್ಟಿಸಬ್ಯಾಡ್ರಿ!”

“ಯಾರ್ರೀ ನೀವು?”

“ಏ ಬಾಯಿ, ಮುಂಜಾನಿಂದ ಪಾಳೇಕ ನಿಂತೇವಿ,” ಎಂದು ಹಿಂದಿನಿಂದ ಯಾರೋ ರೇಗಿದರು. “ನಡುವ ನುಗ್ಗಾಕ ನೀ ಯಾವಾಕಿ?”

ಅವಳು ಹೇಳಲು ನೋಡಿದಳು. ಮಿಶ್ರಲೋಹ ಎಂದಳು, ಸ್ಪಿನ್ ಎಂದಳು, ಸುರುಳಿ ಎಂದಳು. ಆ ಮಾತುಗಳು ಅವಳ ಬಾಯಿಂದ ಹೊರಟು ಜನರ ತಲೆಯ ಮೇಲಿಂದ ಹಾದುಹೋದವು. ಡಬ್ಬಿಗಳು ಕೆಡುತ್ತಿವೆ ಎಂಬುದೊಂದೇ ಅವರಿಗೆ ಕೇಳಿಸಿತು. ಹಿಂದಿದ್ದವರು ಮುಂದಕ್ಕೆ ನುಗ್ಗಿದರು. ಒಬ್ಬ ಮಗ ತನ್ನ ತಾಯಿಯನ್ನು ಎತ್ತಿಕೊಂಡು, “ಮೊದಲ ನಮ್ಮ ಅವ್ವಂದು ನೋಡ್ರಿ, ನಿಮಗ ಕೈ ಮುಗೀತೇನಿ” ಎನ್ನುತ್ತ ಮೇಜಿನ ಮುಂದೆ ಬಂದು ನಿಂತ. ಹುದ್ದಾರರು ಹೆದರಿದ್ದು ಅವಳ ಕಣ್ಣೆದುರೇ ನಡೆಯುತ್ತಿತ್ತು, ಅದೂ ಅವಳ ಮಾತಿನಿಂದಲೇ.

ಆಗ ಅವಳು ಗಂಟಲು ಹರಿಯುವಂತೆ ಕೂಗಿದಳು:

“ಅದು ಹೆಪ್ಪಿನ ಸೌಟು! ಒಬ್ಬರ ಮೊಸರಿನ್ಯಾಗ ಅದ್ದಿದ್ದನ್ನ ಎಲ್ಲಾರ ಹಾಲಿನ್ಯಾಗ ಅದ್ದಾಕತ್ತಾರ! ಮುಟ್ಟಿಸಿಕೊಂಡ್ರ ನಿಮ್ಮದೂ ಒಡೀತೈತಿ!”

ಸಾಲಿನಲ್ಲಿದ್ದ ಒಬ್ಬ ಮುದುಕಿ ಮೊದಲು ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡಳು. ಪಕ್ಕದವಳೂ ಎಳೆದುಕೊಂಡಳು. ತಾಯಿಯನ್ನು ಎತ್ತಿಕೊಂಡಿದ್ದವನು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಸಾಲು ಯಾರೂ ಹೇಳದೆ ಹಿಂದಕ್ಕೆ ಹರಿಯತೊಡಗಿತು. ಬಿಳಿ ಕೋಟಿನ ಹುಡುಗಿ ಕೈಯಲ್ಲಿದ್ದ ಸೌಟನ್ನು ಕೆಂಡ ಹಿಡಿದಂತೆ ಕೆಳಗಿಟ್ಟಳು.

ಮಹಾನಂದಾ ಕಣ್ಣಿಂದಲೇ ಸಾಲನ್ನು ಜಾಲಾಡಿದಳು. ಅಕ್ಕ ಇರಲಿಲ್ಲ. ಒಂದು ಗಳಿಗೆ ಅವಳಿಗೆ ಜೀವ ಬಂದಂತಾಯಿತು.

“ನಂದಾ! ಇಲ್ಲೇ ಅದೇನಿ ಬಾ. ಯಾಕ ಹಂಗ ಒದರತೀ?”

ದ್ರಾಕ್ಷಾಯಣವ್ವ ಊಟದ ಕೋಣೆಯ ಕಡೆಯಿಂದ ಚಹಾದ ಲೋಟ ಹಿಡಿದು ಬಂದಳು. ಲೋಟದ ಚಹಾ ಅಲುಗುತ್ತಿರಲಿಲ್ಲ.

“ನಂದು ಆಗಲೇ ಆತು. ಮುಂಜಾನೆನ ಮಾಡಿದ್ರು. ಏನೂ ಆಗಿಲ್ಲ, ಛಲೋ ಐತಿ ಅಂದ್ರು.”

ಮಹಾನಂದಾ ಅಕ್ಕನ ಕೈಯಿಂದ ಲೋಟ ತೆಗೆದು ಕೆಳಗಿಟ್ಟಳು.

ಇಮ್ತಿಯಾಜ್ ಎರಡೂ ಸೌಟುಗಳನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟುಕೊಂಡು ಧಾರವಾಡಕ್ಕೆ ಒಯ್ದ. ಅವುಗಳ ತಲೆ ಬಿಚ್ಚಿ ಸೂಕ್ಷ್ಮದರ್ಶಕದಡಿ ನೋಡಿ ಮಧ್ಯಾಹ್ನ ಫೋನು ಮಾಡಿದ. ಒಂದರ ಲೇಪ ಇನ್ನೂ ಗುಡಿಯ ಕಡೆಗೇ ಮುಖ ಮಾಡಿತ್ತು. ಇನ್ನೊಂದು ಪೂರ್ತಿ ಸುರುಳಿ.

“ನಿನಗ ಯಾವ ಟೇಬಲ್ಲಿನ್ಯಾಗ ನೋಡಿದ್ರು ಅಕ್ಕ? ನೆನಸ್ಕೋ. ಬಾಗಿಲ ಕಡೇದೋ, ಕಿಟಕಿ ಕಡೇದೋ?”

“ಬಾಗಿಲ ಕಡೇದು… ಅಲ್ಲ, ಒಂದರದು ಚಾರ್ಜ್ ಹೋತು ಅಂತ ಆ ಹುಡುಗಿ ಇನ್ನೊಂದು ಟೇಬಲ್ಲಿಂದು ಇಸಗೊಂಡು ಬಂದ್ಲು. ಅದು ನನಗಿಂತ ಮೊದಲೋ ಆಮ್ಯಾಲೋ?” ದ್ರಾಕ್ಷಾಯಣವ್ವ ಸೋತು ನಕ್ಕಳು. “ಎರಡೂ ಒಂದ ಥರ ಅದಾವಲ್ಲವಾ. ಸೌಟಿಗೆ ಯಾರು ಮುಖ ನೋಡ್ತಾರ?”

ಆ ಹುಡುಗಿಯನ್ನೂ ಕೇಳಿದರು. ಅವಳು ಅಳತೊಡಗಿದಳು. ಅವಳಿಗೂ ನೆನಪಿರಲಿಲ್ಲ.

*

ಅಂದು ಸಂಜೆಯ ಹೊತ್ತಿಗೆ ಸುದ್ದಿ ಎಲ್ಲ ಕಡೆ ಹೋಗಿತ್ತು. ಆಸ್ಪತ್ರೆಗಳ ಹೆಸರಿನಲ್ಲಿ ಹೊರಟ ಪ್ರಕಟಣೆಯನ್ನು ಹುದ್ದಾರರೇ ಬರೆದಿದ್ದರು. ಆದರೆ ಮೊದಲ ಸಾಲು ಮಹಾನಂದಾಳದು: ‘ಎದೆಯಲ್ಲಿ ಡಬ್ಬಿ ಇರುವವರು ಯಾರ ಸೌಟನ್ನೂ ಮುಟ್ಟಿಸಿಕೊಳ್ಳಬೇಡಿ. ಅದು ಹೆಪ್ಪಿನ ಸೌಟು.’ ಬೀದರಿನಿಂದ ಚಾಮರಾಜನಗರದವರೆಗೆ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಶಿಬಿರಗಳು ಬರಿದಾದವು. ಅಂದಿನಿಂದ ಜನ ತಪಾಸಣೆಯ ಬದಲು ಒಬ್ಬರ ಕೈಯನ್ನೊಬ್ಬರು ನೋಡತೊಡಗಿದರು. ಮನೆಮನೆಗಳಲ್ಲಿ ಮಕ್ಕಳು ಅಜ್ಜನಿಗೆ ನೀರು ಕೊಟ್ಟು ಲೋಟವನ್ನೇ ದಿಟ್ಟಿಸುತ್ತಿದ್ದರು. ಹೆಂಡತಿಯರು ಗಂಡನ ಸಹಿಯನ್ನು ಹಳೆಯ ಸಹಿಯ ಪಕ್ಕ ಹಿಡಿದು ನೋಡುತ್ತಿದ್ದರು. ಬಚ್ಚಲ ಬಾಗಿಲಿಗೆ ಅಗುಳಿ ಹಾಕುವುದನ್ನು ಎಷ್ಟೋ ಮನೆಯವರು ಬಿಟ್ಟರು.

ಖಾನಾವಳಿಯಲ್ಲಿ ಅಂದು ಗಿರಾಕಿ ಇರಲಿಲ್ಲ. ಫಕೀರವ್ವ ದೇವರ ಮುಂದೆ ದೀಪ ಹಚ್ಚಿದಳು. ಅಕ್ಕತಂಗಿಯರು ಒಲೆಯ ಮುಂದೆ ಕುಳಿತಿದ್ದರು.

“ಡಾಕ್ಟರು ಏನಂತಾರ?” ಎಂದಳು ದ್ರಾಕ್ಷಾಯಣವ್ವ.

“ಸೌಟು ಮುಟ್ಟಿಸದ ಬಂದ್ ಮಾಡಾಕ ಬರೂದಿಲ್ಲ. ಮೊದಲ ಹೆಪ್ಪು ಎಲ್ಲಿಂದ ಬಿತ್ತೋ ಗೊತ್ತಿಲ್ಲ, ಹೊಸಾ ಸೌಟನ್ನೂ ನಂಬಾಂಗಿಲ್ಲ. ಬೇಕಂದ್ರ ನಾಳೆನ ಕೊಯ್ದು, ತಂತಿ ಕಡದು ತಗೀತಾರಂತ.”

“ತಗದ್ರ?”

“ನಡುಕ ಮೊದಲಿನ ಹಂಗ ಬರ್ತೈತಿ. ಕಡದ ತಂತಿ ದಿನ ಹ್ವಾದಮ್ಯಾಲ ಮತ್ತ ಜೋಡಸಾಕ ಬರ್ತೈತೋ ಇಲ್ಲೋ, ಅದನ್ನ ಅವರೂ ಹೇಳವಲ್ರು. ಹಳೇ ಥರದ್ದು, ಬ್ಯಾಟ್ರಿ ಮ್ಯಾಲ ನೆನಪು ಇಟ್ಟುಕೊಳ್ಳೋ ಡಬ್ಬಿ ಬ್ಯಾರೆ ದೇಶದಿಂದ ಬರಬೇಕು. ಅದು ಬಂದಮ್ಯಾಲ ತಗದ್ರ ಒಂದ ಸಲಕ್ಕ ಅದಲಬದಲ ಮಾಡಬಹುದು. ಬರೂತನಕ ಕಾಯಬೇಕು.”

“ಕಾಯೂದ್ರಾಗ ಅದು ಒಡದ್ರ, ಆ ಗದಗಿನಾಂವನ ಗತಿ.”

ಮಹಾನಂದಾ ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದಳು.

“ನಿನ್ನ ಲೆಕ್ಕ ಏನ್ ಹೇಳ್ತದ ನಂದಾ?”

“ಗೊತ್ತಿಲ್ಲ ಅಕ್ಕ.”

“ಗೊತ್ತಿಲ್ಲ ಅಂತ ನೀ ಅಂದದ್ದು ಇದ ಮೊದಲು.” ದ್ರಾಕ್ಷಾಯಣವ್ವ ತಂಗಿಯ ಗಲ್ಲ ಹಿಡಿದಳು. ಬೆರಳು ಬೆಚ್ಚಗಿದ್ದವು, ಸ್ಥಿರವಾಗಿದ್ದವು. “ಸಣ್ಣಾಕಿದ್ದಾಗ ಗೊತ್ತಿರ್ಲಿಕ್ಕಂದ್ರೂ ಏನರ ಒಂದು ಹೇಳ್ತಿದ್ದಿ.”

“ನಾನ ಹೋಗಂದೆ ನಿನಗ. ಆಣಿ ಹಾಕಿ ಕಳಿಸ್ದೆ.”

“ಹೂಂ, ಹಾಕಿದಿ. ನಿನ್ನ ಜಾಗಾದಾಗ ನಾ ಇದ್ರೂ ಅದನ್ನ ಮಾಡ್ತಿದ್ದೆ. ಸಾಕು ಬಿಡು ಅದು.” ಅವಳು ಸ್ವಲ್ಪ ಹೊತ್ತು ತನ್ನ ಎರಡೂ ಅಂಗೈಗಳನ್ನು ಒಲೆಯ ಬೆಳಕಿಗೆ ಹಿಡಿದು, ಬೇರೆ ಯಾರದ್ದೋ ಎಂಬಂತೆ ನೋಡಿದಳು. ನಂತರ ಹೇಳಿದಳು: “ಕೈ ಹ್ವಾದಮ್ಯಾಲ ಹೆಂಗ ಇರ್ತೈತಿ ಅಂತ ನಾ ನೋಡೇನಿ. ಒಬ್ಬರು ತುತ್ತು ಮಾಡಿ ಬಾಯಾಗ ಇಡಬೇಕು. ಸತ್ತರ ಹೆಂಗ ಇರ್ತೈತಿ ನೋಡಿಲ್ಲ. ಅಂಜಿಕಿ ಎರಡಕ್ಕೂ ಐತಿ ನನಗ, ಸುಳ್ಳ ಯಾಕ ಹೇಳ್ಲಿ. ಆದ್ರ ನೋಡಿದ್ದರ ಅಂಜಿಕಿ ಹೆಚ್ಚಿಗಿ ಐತಿ. ಹೊಸಾ ಡಬ್ಬಿ ಬರೂತನಕ ಕಾಯೂಣು.”

“ಅಕ್ಕ…”

“ಒಂದ ಮಾತು. ನೀ ನನ್ನ ಕೈ ಹಂಗ ನೋಡ್ಕೋತ ಕುಂದರಬ್ಯಾಡ. ನೀ ನೋಡಿದ್ರ ನನಗೂ ಹೊಯ್ದಾಡಿದಂಗ ಅನಸ್ತೈತಿ.”

ಬಾಗಿಲಲ್ಲಿ ಸದ್ದಾಯಿತು. ಎದುರು ಮನೆಯ ಹೊಸ ಸೊಸೆ ಬಟ್ಟಲು ಹಿಡಿದು ನಿಂತಿದ್ದಳು. ಈ ಓಣಿಯ ಕಟ್ಟಳೆ ಅವಳಿಗಿನ್ನೂ ತಿಳಿದಿರಲಿಲ್ಲ. “ಒಂದೀಟು ಹೆಪ್ಪು ಇದ್ರ ಕೊಡ್ರಿ ಅಕ್ಕಾರ.” ಮಹಾನಂದಾ ಬೆಚ್ಚಿ ಎದ್ದು ನಿಂತಳು. ದ್ರಾಕ್ಷಾಯಣವ್ವ ಮಾತ್ರ ಎಂದಿನ ದನಿಯಲ್ಲೇ, “ದೀಪ ಹಚ್ಚೇವಲ್ಲ ತಂಗೀ, ನಾಳೆ ಬೆಳಕ ಹರದಮ್ಯಾಲ ಬಾ. ಚಹಾ ಕುಡೀತಿ ಏನು?” ಎಂದಳು. ಹುಡುಗಿ ನಾಚಿ ಹೊರಟುಹೋದಳು.

ಆಮೇಲೆ ದ್ರಾಕ್ಷಾಯಣವ್ವ ಆರಿದ ಹಾಲಿನ ಪಾತ್ರೆಯನ್ನು ಎಳೆದುಕೊಂಡು, ಗಡಿಗೆಯಿಂದ ನಿನ್ನೆಯ ಮೊಸರನ್ನು ಚಮಚದ ತುದಿಯಲ್ಲಿ ತೆಗೆದು ಹಾಲಿನ ಮೇಲೆ ಹಿಡಿದಳು. ನೋಡಬಾರದೆಂದುಕೊಂಡರೂ ಮಹಾನಂದಾ ನೋಡಿದಳು. ಚಮಚದ ನೆರಳು ಹಾಲಿನ ಮೇಲೆ ಅಲುಗಿತು. ದೀಪ ಗಾಳಿಗೆ ಅಲುಗಿತ್ತೋ, ಅವಳ ಕಣ್ಣಲ್ಲಿ ನೀರಿತ್ತೋ, ಕೈಯೇ ಅಲುಗಿತೋ. ಅಷ್ಟರಲ್ಲಿ ಹೆಪ್ಪು ಹಾಲಿಗೆ ಬಿದ್ದಿತ್ತು. ದ್ರಾಕ್ಷಾಯಣವ್ವ ಪಾತ್ರೆಗೆ ತಟ್ಟೆ ಮುಚ್ಚಿ, “ಇನ್ನ ಇದನ್ನ ಯಾರೂ ಅಲುಗಾಡಸಬ್ಯಾಡ್ರಿ” ಎಂದಳು.

ಹೊಸ ಡಬ್ಬಿ ಇನ್ನೂ ಬಂದಿಲ್ಲ. ಖಾನಾವಳಿ ನಡೆಯುತ್ತಿದೆ, ರೊಟ್ಟಿಯ ಅಂಚು ಈವರೆಗೆ ಹರಿದಿಲ್ಲ. ಮೊದಲ ಹೆಪ್ಪು ಯಾರ ಎದೆಯಲ್ಲಿ, ಯಾವ ಕಾರಣಕ್ಕೆ ಬಿತ್ತು ಎಂದು ಗೊತ್ತಾಗಿಲ್ಲ. ಅದು ಬಟ್ಟೆ, ಚರ್ಮ ದಾಟಿ ಹೇಗೆ ಹೋಗುತ್ತದೆ ಎಂಬುದಕ್ಕೆ ಹುದ್ದಾರರ ಬಳಿ ಒಂದು ವಿವರಣೆ ಇದೆ, ಇಮ್ತಿಯಾಜನ ಬಳಿ ಇನ್ನೊಂದು. ಎರಡೂ ಪೂರ್ತಿ ಸರಿಹೊಂದುವುದಿಲ್ಲ. ಈ ಸುರುಳಿಗಿಂತಲೂ ತಗ್ಗಿನ ನೆಲೆಯೊಂದು ಇದೆಯೋ ಎಂದು ಮಹಾನಂದಾ ದಿನವೂ ಹೊಸ ಹೊಸ ಹೆಪ್ಪು ಹಾಕಿ ಹುಡುಕುತ್ತಿದ್ದಾಳೆ. ಇದ್ದರೆ ಅದು ಏನು ಮಾಡೀತು ಎಂಬುದು ಅವಳಿಗೂ ಗೊತ್ತಿಲ್ಲ. ದ್ರಾಕ್ಷಾಯಣವ್ವನ ಎದೆಯಲ್ಲಿರುವ ಆ ಚೂರು ಇನ್ನೂ ಹಾಲೋ, ಆಗಲೇ ಮೊಸರಾಗುತ್ತಿದೆಯೋ ತಿಳಿಯದು. ಮುಟ್ಟಿ ನೋಡದೆ ತಿಳಿಯುವಂತಿಲ್ಲ. ಮುಟ್ಟುವ ಧೈರ್ಯ ಯಾರಿಗೂ ಇಲ್ಲ.